ಬಸಿರಿನ ನಂಜು

‘ನಂಜು’ ಎಂಬುದು ಕನ್ನಡದ ಬಹು ಹಳೆಯ ಮಾತುಗಳಲ್ಲಿ ಒಂದು. ಅದರ ಒಡಹುಟ್ಟುಗಳು ತಮಿಳು ಮಲೆಯಾಳಗಳಲ್ಲಿಯೂ ಉಂಟು. ವಿಷವನ್ನು ಉಂಡ ದೇವರು ನಮಗೆ ನಂಜುಂಡ. ಅವನ ಊರು ನಂಜನಗೂಡು. ಗಾಯ ಮಾಗದೆ ಕೀವು ತುಂಬಿದರೆ ‘ನಂಜಾಯಿತು’ ಎನ್ನುತ್ತೇವೆ. ಹೆರಿಗೆಯಾದ ಮೇಲೆ ಜ್ವರ ಏರಿದರೆ ‘ಬಾಣಂತಿ ನಂಜು’ ಎನ್ನುತ್ತೇವೆ. ಬಸುರಿಯ ಕಾಲು, ಕೈ, ಮುಖ ಊದಿಕೊಂಡು, ತಲೆ ಸಿಡಿದು, ಕಣ್ಣು ಮಂಜಾಗಿ, ಕೊನೆಗೆ ಸೆಳವು ಬಂದು ಬಿದ್ದರೆ ಅದಕ್ಕೆ ‘ಬಸಿರು ನಂಜು’ ಎಂದು ಹೆಸರು.

ಹೆಸರು ಕೊಟ್ಟ ಮಾತ್ರಕ್ಕೆ ರೋಗ ತಿಳಿದಂತಾಗುವುದಿಲ್ಲ. ಆದರೆ ಒಂದು ಜನ ತನ್ನ ಕಷ್ಟವನ್ನು ಹೇಗೆ ಅರ್ಥಮಾಡಿಕೊಂಡಿತ್ತು ಎಂಬುದು ಅದು ಕೊಟ್ಟ ಹೆಸರಿನಲ್ಲಿ ಅಡಗಿರುತ್ತದೆ. ನಾನು ಕನ್ನಡ ಪಾಠ ಹೇಳುವವನೇ ಹೊರತು ವೈದ್ಯನಲ್ಲ. ಆದರೂ ಈ ಒಂದು ಮಾತಿನ ಬೆನ್ನು ಹಿಡಿದು ಹೊರಟರೆ ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿಗಳ ಈ ಸೀಮೆಯಲ್ಲಿ, ಅರಸರ ಪಟ್ಟಿಯಲ್ಲಿ ಕಾಣದ ಇನ್ನೊಂದು ಚರಿತ್ರೆ ಕಣ್ಣಿಗೆ ಬೀಳುತ್ತದೆ. ಅದು ಬಸುರಿಯರ ಚರಿತ್ರೆ; ಅದರೊಳಗೆ ಬೆನ್ನಿನ ಹಿಂದೆ ಅಡಗಿ ದುಡಿಯುವ ಎರಡು ಮೂತ್ರಪಿಂಡಗಳ ಚರಿತ್ರೆ.

ಕಂಪಿಲದೇವನ ರಾಜ್ಯ 1327ರ ಸುಮಾರಿಗೆ ದಿಲ್ಲಿಯ ಸೇನೆಗೆ ಬಿತ್ತು. ಹತ್ತು ವರ್ಷ ತುಂಬುವುದರೊಳಗೆ, 1336ರಲ್ಲಿ, ಹೊಳೆಯ ದಡದಲ್ಲಿ ವಿಜಯನಗರ ತಲೆಯೆತ್ತಿತು ಎಂದು ಸಂಪ್ರದಾಯ ಹೇಳುತ್ತದೆ. ಆ ರಾಜ್ಯದ ಮೊದಲ ದಿನಗಳಲ್ಲಿಯೇ, 1360ರ ಸುಮಾರಿನಲ್ಲಿ, ಒಂದನೆಯ ಮಂಗರಾಜನೆಂಬ ಜೈನ ಕವಿ ಕನ್ನಡದಲ್ಲಿ ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದನು. ಖಗೇಂದ್ರನೆಂದರೆ ಹಾವುಗಳ ವೈರಿಯಾದ ಗರುಡ. ಗ್ರಂಥದ ವಿಷಯ ವಿಷ ಮತ್ತು ಅದರ ಪರಿಹಾರ. ನಂಜನ್ನು ಕುರಿತು ಕನ್ನಡದಲ್ಲಿ ಇಷ್ಟು ವಿಸ್ತಾರವಾದ ಶಾಸ್ತ್ರಗ್ರಂಥ ಆ ಕಾಲಕ್ಕೇ ಹುಟ್ಟಿತೆಂಬುದು ಹೆಮ್ಮೆಯ ಸಂಗತಿ. ಅರಮನೆಗಳಿಗೆ ಆ ವಿದ್ಯೆ ಬೇಕಾಗಿಯೂ ಇತ್ತು. ಪೋರ್ಚುಗೀಸ್ ವರ್ತಕ ನೂನಿಜ್ 1530ರ ದಶಕದಲ್ಲಿ ಬರೆದ ವೃತ್ತಾಂತದಲ್ಲಿ, ಕೃಷ್ಣದೇವರಾಯನು ಪಟ್ಟ ಕಟ್ಟಿದ ಎಳೆಯ ಮಗ ವಿಷಪ್ರಯೋಗದಿಂದ ಸತ್ತನೆಂದೂ, ಆ ಸಂಶಯ ಮಂತ್ರಿ ಸಾಳುವ ತಿಮ್ಮನ ಮನೆಯ ಮೇಲೆ ಬಿತ್ತೆಂದೂ ಹೇಳಿದೆ. ಅರಸರಿಗೆ ನಂಜೆಂದರೆ ಹೊರಗಿನಿಂದ ಬರುವಂಥದು, ಶತ್ರು ಕೊಡುವಂಥದು. ಅದಕ್ಕೆ ಮಣಿಯುಂಟು, ಮಂತ್ರವುಂಟು, ಔಷಧಿಯುಂಟು.

ಅದೇ ಅರಮನೆಯ ಅಂತಃಪುರದಲ್ಲಿಯೂ, ಅದರ ಗೋಡೆಯಾಚೆಗಿನ ಗುಡಿಸಲುಗಳಲ್ಲಿಯೂ ಹೆಂಗಸರ ಮೈಯೊಳಗೇ ಹುಟ್ಟುತ್ತಿದ್ದ ನಂಜಿಗೆ ಅಂಥ ಗ್ರಂಥ ಹುಟ್ಟಲಿಲ್ಲ. ಹಂಪೆಯ ಹಜಾರರಾಮ ದೇವಾಲಯದ ಗೋಡೆಗಳ ಮೇಲೆ ದಶರಥನ ಪುತ್ರಕಾಮೇಷ್ಟಿಯಿಂದ ಮೊದಲಾಗಿ ರಾಮಾಯಣದ ಕಥೆಯನ್ನು ಕೆತ್ತಿದ್ದಾರೆ. ಸಂತಾನದ ಹಂಬಲ ರಾಜನಿಗೂ ಪ್ರಜೆಗೂ ಒಂದೇ ಎಂಬುದಕ್ಕೆ ಆ ಕಲ್ಲೇ ಸಾಕ್ಷಿ. ಪಾಯಸ ಕುಡಿದ ರಾಣಿಯರು ಸುಖವಾಗಿ ಹೆತ್ತರು. ಕಥೆಯ ಹೊರಗಿನ ಹೆಂಗಸರೆಲ್ಲರೂ ಹಾಗೆ ಹೆರಲಿಲ್ಲ. ತಮಿಳುನಾಡಿನ ಹಳೆಯ ದಾರಿಗಳಲ್ಲಿ ‘ಸುಮೈತಾಂಗಿ’ ಎಂಬ ಕಲ್ಲುಗಳಿವೆ: ಎರಡು ನಿಲುವುಗಲ್ಲು, ಮೇಲೊಂದು ಅಡ್ಡಗಲ್ಲು. ದಾರಿಹೋಕರು ತಲೆಯ ಹೊರೆಯನ್ನು ಅದರ ಮೇಲಿಳಿಸಿ ಉಸಿರು ಬಿಡುತ್ತಾರೆ. ಬಸಿರಿನಲ್ಲಿಯೇ ಸತ್ತ ಹೆಣ್ಣಿನ ನೆನಪಿಗೆ ಅವನ್ನು ನಿಲ್ಲಿಸುವ ಪದ್ಧತಿಯಿತ್ತು. ಇಳಿಸಲಾಗದೆ ಹೋದ ಅವಳ ಹೊರೆಯನ್ನು ಇತರರ ಹೊರೆ ಇಳಿಸಿ ಹಗುರ ಮಾಡುವ ಭಾವನೆ ಅದು. ಔಷಧಿ ಸೋತ ಕಡೆ ಜನ ಕಲ್ಲು ನೆಟ್ಟರು.

ನಮ್ಮ ಪೂರ್ವಿಕರಿಗೆ ಮೂತ್ರಪಿಂಡಗಳು ತಿಳಿದಿರಲಿಲ್ಲವೆಂದಲ್ಲ. ಸುಶ್ರುತನು ‘ವೃಕ್ಕ’ಗಳನ್ನು ಹೆಸರಿಸುತ್ತಾನೆ, ರಕ್ತ ಮೇದಸ್ಸುಗಳ ಸಾರದಿಂದ ಅವು ಆದವೆನ್ನುತ್ತಾನೆ. ಆದರೆ ಮೂತ್ರವನ್ನು ಅವು ಸೋಸುತ್ತವೆಂದು ಹೇಳುವುದಿಲ್ಲ. ಪಕ್ವಾಶಯದಿಂದ ಹೊರಟ ಸೂಕ್ಷ್ಮ ನಾಳಗಳು ಬಸ್ತಿಯನ್ನು, ಎಂದರೆ ಮೂತ್ರಕೋಶವನ್ನು, ತುಂಬುತ್ತವೆಂಬುದು ಅವನ ಮತ. ಹೊಸ ಮಣ್ಣಿನ ಗಡಿಗೆಯನ್ನು ಕತ್ತಿನವರೆಗೆ ನೀರಿನಲ್ಲಿ ಮುಳುಗಿಸಿಟ್ಟರೆ ಅದರ ಮೈಯಿಂದಲೇ ನೀರು ಒಸರಿ ಒಳಗೆ ತುಂಬುವಂತೆ, ಎಂದು ಅವನು ಕೊಡುವ ಹೋಲಿಕೆ ಸೊಗಸಾಗಿದೆ. ಹೋಲಿಕೆ ಸೊಗಸಾದುದರಿಂದಲೇ ಏನೋ, ಬಹುಕಾಲ ಅದನ್ನು ಒಡೆದು ನೋಡುವ ಗೋಜಿಗೆ ಯಾರೂ ಹೋಗಲಿಲ್ಲ. ಯೂರೋಪಿನಲ್ಲಿಯೂ ಸ್ಥಿತಿ ಬಹಳ ಕಾಲ ಇದಕ್ಕಿಂತ ಉತ್ತಮವಾಗಿರಲಿಲ್ಲ. ಬಸುರಿಯ ಸೆಳವನ್ನು ಅಲ್ಲಿಯ ವೈದ್ಯರು ಅಪಸ್ಮಾರದ ಒಂದು ಬಗೆಯೆಂದೇ ಎಣಿಸಿ ರಕ್ತ ಬಸಿಯುತ್ತಿದ್ದರು.

1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಇಂಗ್ಲಿಷ್ ಕಂಪೆನಿಗೆ ಬಿಟ್ಟುಕೊಟ್ಟನು. ತಾಮಸ್ ಮನ್ರೋ ಅದರ ಮೊದಲ ಮುಖ್ಯ ಕಲೆಕ್ಟರನಾಗಿ ಏಳು ವರ್ಷ ಇಲ್ಲಿ ದುಡಿದನು. ಮುಂದೆ ಮದರಾಸಿನ ಗವರ್ನರನಾಗಿದ್ದಾಗ, 1827ರಲ್ಲಿ, ಹಳೆಯ ಸೀಮೆಯನ್ನು ಕಡೆಯ ಸಲ ನೋಡಲು ಬಂದವನು ಪತ್ತಿಕೊಂಡದಲ್ಲಿ ಕಾಲರಾಕ್ಕೆ ತುತ್ತಾದನು. ಅದೇ 1827ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ ಎಂಬ ವೈದ್ಯನು, ಮೈ ಊದಿಕೊಂಡು ಸತ್ತವರ ಮೂತ್ರಪಿಂಡಗಳು ಕೆಟ್ಟಿದ್ದವೆಂದು ತೋರಿಸುವ ಗ್ರಂಥವನ್ನು ಹೊರತಂದನು. ಅವನ ಪರೀಕ್ಷೆಗೆ ಬೇಕಾದುದು ಒಂದು ಚಮಚ ಮತ್ತು ಒಂದು ಮೇಣದಬತ್ತಿ. ರೋಗಿಯ ಮೂತ್ರವನ್ನು ಚಮಚದಲ್ಲಿ ಹಿಡಿದು ಬತ್ತಿಯ ಮೇಲೆ ಕಾಯಿಸಿದರೆ, ಅದರಲ್ಲಿ ಸಸಾರಜನಕವಿದ್ದಲ್ಲಿ ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುತ್ತದೆ. ಆರೋಗ್ಯವಂತನ ಮೂತ್ರ ಹೆಪ್ಪುಗಟ್ಟದು.

ಹದಿನಾರು ವರ್ಷಗಳ ತರುವಾಯ, 1843ರಲ್ಲಿ, ಅದೇ ಆಸ್ಪತ್ರೆಯ ಜಾನ್ ಲೀವರ್ ಎಂಬ ಪ್ರಸೂತಿವೈದ್ಯನು ಸೆಳವು ಬಂದ ಬಸುರಿಯರ ಮೂತ್ರಕ್ಕೆ ಇದೇ ಪರೀಕ್ಷೆಯನ್ನು ಮಾಡಿದನು. ಅಲ್ಲಿಯೂ ಹೆಪ್ಪು ಕಂಡಿತು. ಆದರೆ ಒಂದು ಭೇದವೂ ಕಂಡಿತು: ಬ್ರೈಟನ ರೋಗಿಗಳಲ್ಲಿ ಹೋಗದೆ ಉಳಿಯುತ್ತಿದ್ದ ಈ ಗುರುತು, ಬಸುರಿಯರಲ್ಲಿ ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಮಾಯವಾಗುತ್ತಿತ್ತು. ಬಸಿರು ತಂದ ಬೇನೆ ಒಂದು, ಬಸಿರಿಗೆ ಮೊದಲೇ ಇದ್ದ ಮೂತ್ರಪಿಂಡದ ಬೇನೆ ಇನ್ನೊಂದು ಎಂಬ ವಿವೇಕಕ್ಕೆ ಅಡಿಗಲ್ಲು ಬಿದ್ದುದು ಇಲ್ಲಿ. ಮುಂದೆ 1896ರಲ್ಲಿ ಇಟಲಿಯ ರೀವಾ-ರೋಚ್ಚಿ ತೋಳಿಗೆ ಸುತ್ತುವ ರಕ್ತದೊತ್ತಡದ ಪಟ್ಟಿಯನ್ನು ಕಂಡುಹಿಡಿದ ಬಳಿಕ, ಸೆಳವಿಗೆ ಮುಂಚೆ ಒತ್ತಡ ಏರುತ್ತದೆಂಬುದೂ ಗೊತ್ತಾಯಿತು. ಎಂದರೆ ಆಪತ್ತು ಬರುವ ಮೊದಲೇ ಅದರ ಹೆಜ್ಜೆಸಪ್ಪಳ ಕೇಳುವಂತಾಯಿತು.

ಇಲ್ಲಿ ಭಾಷೆಯ ವಿದ್ಯಾರ್ಥಿಗೆ ಒಂದು ಸೋಜಿಗವಿದೆ. ಇಷ್ಟೆಲ್ಲ ಕಂಡ ಮೇಲೂ ಪಶ್ಚಿಮದ ವೈದ್ಯರು ಈ ಬೇನೆಗೆ ಇಟ್ಟ ಹೆಸರು ‘ಟಾಕ್ಸೀಮಿಯಾ’. ಅದರ ಅರ್ಥ ರಕ್ತದಲ್ಲಿಯ ವಿಷ. ನಮ್ಮ ಅಜ್ಜಿಯರ ‘ಬಸಿರು ನಂಜು’ ಅಲ್ಲದೆ ಬೇರೆಯಲ್ಲ. ಆ ವಿಷ ಯಾವುದೆಂದು ಅನೇಕ ದಶಕ ಹುಡುಕಿದರೂ ಸಿಗದೆ, ಅವರು ಆ ಹೆಸರನ್ನೇ ಕೈಬಿಟ್ಟರು. ಬಳಿಕ 2003ರಲ್ಲಿ ಬಾಸ್ಟನ್ನಿನಲ್ಲಿ ಭಾರತೀಯ ಮೂಲದ ಮೂತ್ರಪಿಂಡ ತಜ್ಞ ಅನಂತ ಕರುಮಂಚಿ ಮತ್ತು ಅವರ ಸಂಗಡಿಗರು, ರೋಗಗ್ರಸ್ತ ಮಾಸು ತಾಯಿಯ ರಕ್ತಕ್ಕೆ ಅತಿಯಾಗಿ ಬಿಡುವ ಒಂದು ಸಸಾರಜನಕವನ್ನು ಗುರುತಿಸಿದರು. ಅದು ರಕ್ತನಾಳಗಳ ಒಳಪದರವನ್ನೂ ಮೂತ್ರಪಿಂಡದ ಜರಡಿಯನ್ನೂ ಕೆಡಿಸುತ್ತದೆ. ಹಳೆಯ ಮಾತು ಒಂದು ಅರ್ಥದಲ್ಲಿ ನಿಜವಾಯಿತು. ನಂಜು ಇತ್ತು, ಆದರೆ ಅದನ್ನು ಯಾರೂ ಹಾಕಿದುದಲ್ಲ, ದೃಷ್ಟಿಯಿಂದ ತಗುಲಿದುದಲ್ಲ, ಸೊಸೆ ತಿಂದ ತಿಂಡಿಯಿಂದ ಬಂದುದೂ ಅಲ್ಲ.

ಈಗ ಪ್ರಕೃತ ಪ್ರಶ್ನೆಗೆ ಬರೋಣ. ಬಸಿರಿಗೆ ಮೊದಲೇ ಮೂತ್ರಪಿಂಡಗಳು ಸೊರಗಿರುವ ಹೆಣ್ಣಿನ ಗತಿಯೇನು? ಸಹಜವಾದ ಬಸಿರಿನಲ್ಲಿ ಈ ಅಂಗಗಳ ದುಡಿಮೆ ಅರ್ಧದಷ್ಟು ಹೆಚ್ಚುತ್ತದೆ. ಎರಡು ಜೀವದ ಕಸವನ್ನು ಅವೇ ತೊಳೆಯಬೇಕು. ಆದ್ದರಿಂದ ಬಸುರಿಯ ರಕ್ತದಲ್ಲಿ ‘ಕ್ರಿಯಾಟಿನಿನ್’ ಎಂಬ ಕಸದ ಅಂಶ ಇಳಿಯುತ್ತದೆ. ಉಳಿದ ಹೆಂಗಸರಿಗೆ ಸರಿಯೆನಿಸುವ 1 ಮಿಲಿಗ್ರಾಂ ಬಸುರಿಗೆ ಸರಿಯಲ್ಲ. ಅವಳಲ್ಲಿ ಅದು ಸಾಮಾನ್ಯವಾಗಿ 0.4ರಿಂದ 0.8ರೊಳಗೆ ಇರಬೇಕು. ಪ್ರಯೋಗಶಾಲೆಯ ಚೀಟಿಯಲ್ಲಿ ‘ನಾರ್ಮಲ್’ ಎಂದು ಅಚ್ಚಾಗಿರುವ ಅಂಕಿ ಬಸುರಿಯ ಪಾಲಿಗೆ ಎಚ್ಚರಿಕೆಯ ಗಂಟೆಯಾಗಿರಬಹುದು. ಇದು ಓದುಗರು ನೆನಪಿಡಬೇಕಾದ ಮಾತು. ಸೊರಗಿದ ಮೂತ್ರಪಿಂಡಕ್ಕೆ ಈ ಹೆಚ್ಚಿನ ದುಡಿಮೆ ಸಾಧ್ಯವಾಗುವುದಿಲ್ಲ. ಆಗ ರಕ್ತದೊತ್ತಡ ಏರುತ್ತದೆ, ಬಸಿರು ನಂಜು ಬೇಗ ತಗುಲುತ್ತದೆ, ಮಗು ದಿನ ತುಂಬುವ ಮೊದಲೇ ಹುಟ್ಟುತ್ತದೆ ಅಥವಾ ಹೊಟ್ಟೆಯಲ್ಲಿಯೇ ಬೆಳವಣಿಗೆ ಕುಂಠಿತವಾಗುತ್ತದೆ. ತಾಯಿಗೆ ಉಳಿದಿದ್ದ ಅಲ್ಪ ಶಕ್ತಿಯೂ ಕೆಲವೊಮ್ಮೆ ಹೋಗಿ, ಹಿಂದಿರುಗುವುದೇ ಇಲ್ಲ.

ಇದನ್ನು ಕಂಡ ವೈದ್ಯರು ಇಪ್ಪತ್ತನೆಯ ಶತಮಾನದ ಬಹುಭಾಗ ಒಂದೇ ಉತ್ತರ ಹೇಳುತ್ತಿದ್ದರು: ‘ಬೇಡ.’ ಮೂತ್ರಪಿಂಡದ ಬೇನೆಯವಳು ಬಸುರಿಯಾಗಬಾರದು, ಆದರೆ ತೆಗೆಸಬೇಕು. 1975ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ತನ್ನ ಸಂಪಾದಕೀಯದಲ್ಲಿ ಈ ಕಟ್ಟುನಿಟ್ಟನ್ನು ಕೊಂಕುನುಡಿಯಿಂದ ಕೆಣಕಿತು. ಅಷ್ಟರಲ್ಲಿ ಕೆಲವು ಹೆಂಗಸರು ಆ ಗೋಡೆಯನ್ನು ದಾಟಿಯಾಗಿತ್ತು. ಅಮೆರಿಕದ ಒಕ್ಲಹಾಮಾದ ಈಡಿತ್ ಹೆಲ್ಮ್ ಎಂಬಾಕೆ 1956ರ ಮೇ ತಿಂಗಳಲ್ಲಿ ತನ್ನ ಅವಳಿ ಅಕ್ಕತಂಗಿಯ ಮೂತ್ರಪಿಂಡವನ್ನು ಬಾಸ್ಟನ್ನಿನಲ್ಲಿ ಕಸಿ ಮಾಡಿಸಿಕೊಂಡಳು. 1958ರ ಮಾರ್ಚಿನಲ್ಲಿ ಆಕೆ ಗಂಡು ಮಗುವನ್ನು ಹೆತ್ತಳು. ಕಸಿಯ ಮೂತ್ರಪಿಂಡದಿಂದ ಬಾಳುತ್ತಿದ್ದ ಹೆಣ್ಣೊಬ್ಬಳು ತಾಯಿಯಾದುದು ಅದೇ ಮೊದಲು. ಆಕೆ 2011ರವರೆಗೆ ಬದುಕಿದ್ದಳು. 1971ರಲ್ಲಿ ಇಟಲಿಯಿಂದ, ಯಂತ್ರದಿಂದ ರಕ್ತ ತೊಳೆಸಿಕೊಳ್ಳುತ್ತಿದ್ದ ಹೆಣ್ಣು ಮಗುವನ್ನು ಹೆತ್ತ ವರದಿ ಬಂದಿತು. ಅದೇ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ, ಬದುಕಿರುವವರು ಕೊಟ್ಟ ಮೂತ್ರಪಿಂಡದ ಕಸಿ ಭಾರತದಲ್ಲಿ ಸಫಲವಾಯಿತು.

‘ಬೇಡ’ ಎಂಬುದು ಹೋಗಿ ‘ಎಷ್ಟು, ಯಾವಾಗ, ಹೇಗೆ’ ಎಂಬ ಪ್ರಶ್ನೆಗಳು ಬಂದವು. 1996ರಲ್ಲಿ ಅಮೆರಿಕದ ವೈದ್ಯರು, ಮೂತ್ರಪಿಂಡ ಮಧ್ಯಮ ಅಥವಾ ತೀವ್ರವಾಗಿ ಕೆಟ್ಟಿದ್ದ 67 ಹೆಂಗಸರ 82 ಬಸಿರುಗಳ ಲೆಕ್ಕವನ್ನು ಪ್ರಕಟಿಸಿದರು. ಶಿಶುಗಳಲ್ಲಿ ನೂರಕ್ಕೆ 93 ಬದುಕಿದವು. ಆದರೆ ನೂರಕ್ಕೆ 59 ಹೆರಿಗೆಗಳು ದಿನ ತುಂಬುವ ಮುಂಚೆ ಆದವು. ನೂರಕ್ಕೆ 43ರಲ್ಲಿ ತಾಯಿಯ ಮೂತ್ರಪಿಂಡದ ಶಕ್ತಿ ಬಸಿರಿನಿಂದಾಗಿ ಇನ್ನೂ ಕುಂದಿತು. ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿ ಇಟ್ಟುಕೊಂಡು ನೋಡಬೇಕು. ಮಗು ಉಳಿಯಿತೆಂದು ಮನೆಯವರು ಸಕ್ಕರೆ ಹಂಚುವಾಗ ತಾಯಿ ತೆತ್ತ ಬೆಲೆ ಕಾಣದೆ ಹೋಗುವುದುಂಟು. ಬೇನೆ ಸೌಮ್ಯವಾಗಿದ್ದು, ರಕ್ತದೊತ್ತಡ ಹಿಡಿತದಲ್ಲಿದ್ದು, ಮೂತ್ರದಲ್ಲಿ ಸಸಾರಜನಕ ಹೆಚ್ಚಾಗಿ ಹೋಗದಿದ್ದರೆ ಬಹುಮಟ್ಟಿಗೆ ತಾಯಿ ಮಗು ಇಬ್ಬರೂ ಸುಖವಾಗಿರುತ್ತಾರೆ. ಈ ಮೂರೂ ಕೆಟ್ಟಷ್ಟೂ ಅಪಾಯ ಹೆಚ್ಚು.

ರಕ್ತ ತೊಳೆಸಿಕೊಳ್ಳುವವರ ವಿಷಯದಲ್ಲಿ ಕೆನಡಾದ ಟೊರಾಂಟೋ ವೈದ್ಯರು 2014ರಲ್ಲಿ ತೋರಿಸಿದುದು ಇನ್ನೂ ಗಮನಾರ್ಹ. ವಾರಕ್ಕೆ 20 ಗಂಟೆ ಅಥವಾ ಅದಕ್ಕಿಂತ ಕಡಿಮೆ ತೊಳೆಸಿಕೊಂಡವರಲ್ಲಿ ನೂರಕ್ಕೆ 48 ಬಸಿರುಗಳು ಜೀವಂತ ಶಿಶುವನ್ನು ಕೊಟ್ಟವು. 36 ಗಂಟೆಗಿಂತ ಹೆಚ್ಚು ತೊಳೆಸಿಕೊಂಡವರಲ್ಲಿ ನೂರಕ್ಕೆ 85. ನಮ್ಮಲ್ಲಿ ವಾರಕ್ಕೆ ಎರಡು ಮೂರು ಸಲ, ಒಂದೊಂದು ಸಲ ನಾಲ್ಕು ಗಂಟೆ ಸಿಕ್ಕರೆ ಅದೇ ಭಾಗ್ಯ. 2016ರಲ್ಲಿ ಕೇಂದ್ರ ಸರಕಾರ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಯೋಜನೆಯನ್ನು ತಂದುದು ದೊಡ್ಡ ಉಪಕಾರ. ಆದರೆ ಸಂಡೂರಿನ ಗುಡ್ಡದ ಹಳ್ಳಿಯಿಂದ ವಾರಕ್ಕೆ ಆರು ದಿನ ಬಂದು ಯಂತ್ರದ ಮುಂದೆ ಮಲಗುವ ಬಸುರಿಯನ್ನು ಊಹಿಸಿಕೊಂಡರೆ, ಟೊರಾಂಟೋದ ಅಂಕಿಗೂ ನಮಗೂ ಇರುವ ದೂರ ತಿಳಿಯುತ್ತದೆ.

ಚರಿತ್ರೆಯ ಇನ್ನೊಂದು ಅಧ್ಯಾಯವನ್ನೂ ಮರೆಯಲಾಗದು. ಮೂತ್ರಪಿಂಡದ ಬೇನೆ ಬಸಿರನ್ನು ಕೆಡಿಸುವಂತೆ ಕೆಟ್ಟ ಬಸಿರು ಮೂತ್ರಪಿಂಡವನ್ನೂ ಕೆಡಿಸುತ್ತದೆ. ಹೆರಿಗೆಯ ಅತಿ ರಕ್ತಸ್ರಾವ, ಬಾಣಂತಿ ನಂಜು, ಕಳ್ಳತನದಲ್ಲಿ ಕಡ್ಡಿ ಬೇರುಗಳಿಂದ ಮಾಡಿಸಿದ ಗರ್ಭಪಾತ - ಇವುಗಳಿಂದ ಮೂತ್ರಪಿಂಡದ ಹೊರಪದರವೇ ಸತ್ತುಹೋದ ಹೆಂಗಸರು ನಮ್ಮ ದೇಶದ ಆಸ್ಪತ್ರೆಗಳಿಗೆ ಒಂದು ಕಾಲದಲ್ಲಿ ಸಾಲಾಗಿ ಬರುತ್ತಿದ್ದರು. 1971ರಲ್ಲಿ ಗರ್ಭಪಾತದ ಕಾನೂನು ಬಂದು, 1972ರ ಏಪ್ರಿಲಿನಿಂದ ಜಾರಿಯಾಗಿ, ಆಸ್ಪತ್ರೆಯ ಬಾಗಿಲು ತೆರೆದ ಮೇಲೆ ಈ ಸಾಲು ವರ್ಷದಿಂದ ವರ್ಷಕ್ಕೆ ಕಿರಿದಾಯಿತು. ಕಾಶಿಯ ವೈದ್ಯರು ದಶಕಗಳ ಕಾಲ ಇಟ್ಟ ದಾಖಲೆಗಳು ಇದನ್ನು ಸ್ಪಷ್ಟವಾಗಿ ತೋರಿಸುತ್ತವೆ. ಒಂದು ಕಾನೂನಿನಿಂದ ಎಷ್ಟು ಮೂತ್ರಪಿಂಡಗಳು ಉಳಿದವೆಂದು ಯಾವ ಚರಿತ್ರಕಾರನೂ ಬರೆಯುವುದಿಲ್ಲ, ಬರೆಯಬೇಕು.

ನಮ್ಮ ಸೀಮೆಗೆ ಮರಳಿ ಬರೋಣ. ಸಂಡೂರು ಸಂಸ್ಥಾನ 1949ರಲ್ಲಿ ಮದರಾಸಿನೊಡನೆ ಸೇರಿತು. ಅದೂ ಹೊಸಪೇಟೆ ಕಂಪ್ಲಿಗಳೂ 1953ರ ಅಕ್ಟೋಬರ್ 1ರಂದು ಬಳ್ಳಾರಿಯೊಡನೆ ಮೈಸೂರಿಗೆ ಬಂದವು. ಅದೇ ವರ್ಷ ತುಂಗಭದ್ರೆಯ ಅಣೆಕಟ್ಟಿನ ನೀರು ಕಾಲುವೆಗೆ ಹರಿಯಿತು. 1961ರಲ್ಲಿ ಬಳ್ಳಾರಿಯಲ್ಲಿ ವೈದ್ಯಕೀಯ ಕಾಲೇಜು ತೆರೆಯಿತು. 2005ರಿಂದ ಹಳ್ಳಿಹಳ್ಳಿಗೂ ಆಶಾ ಕಾರ್ಯಕರ್ತೆಯರು ಬಂದರು. 2016ರಿಂದ ಪ್ರತಿ ತಿಂಗಳ 9ನೆಯ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ವಿಶೇಷ ತಪಾಸಣೆ ಗೊತ್ತಾಯಿತು. 2021ರಲ್ಲಿ ಹೊಸಪೇಟೆ ಹೊಸ ವಿಜಯನಗರ ಜಿಲ್ಲೆಯ ಮುಖ್ಯಪಟ್ಟಣವಾಯಿತು. ಸಂಡೂರು ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ಕರ್ನಾಟಕದಲ್ಲಿ ಲಕ್ಷ ಹೆರಿಗೆಗೆ ಸಾಯುತ್ತಿದ್ದ ತಾಯಂದಿರ ಸಂಖ್ಯೆ 2001-03ರಲ್ಲಿ 228 ಇದ್ದುದು 2018-20ರಲ್ಲಿ 69ಕ್ಕೆ ಇಳಿಯಿತು. ವಿಜಯನಗರದ ಅರಸರು ಗೆದ್ದ ಯಾವ ಕೋಟೆಗೂ ಈ ಗೆಲವು ಕಡಿಮೆಯಲ್ಲ.

ಆದರೆ ಗೆದ್ದ ಕೋಟೆಯನ್ನು ಕಾಯುವುದು ಬೇರೆ ಕೆಲಸ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಿಂದ ಹೆರಿಗೆಯಾದ ಹಲವು ಬಾಣಂತಿಯರು ಒಬ್ಬರ ಹಿಂದೊಬ್ಬರು ಅಸ್ವಸ್ಥರಾದರು. ಮೂತ್ರಪಿಂಡಗಳು ಕೆಲಸ ನಿಲ್ಲಿಸಿದವು. ಇತರ ಅಂಗಗಳೂ ಸೋತವು. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಐವರು ತೀರಿಕೊಂಡರು. ನಾಳಕ್ಕೆ ಏರಿಸಿದ ದ್ರವೌಷಧದ ಮೇಲೆ ಶಂಕೆ ಬಿದ್ದಿತು. ರಾಜ್ಯ ಸರಕಾರ ಅದರ ಬಳಕೆಯನ್ನು ತಡೆದು, ಔಷಧ ನಿಯಂತ್ರಣದ ಅಧಿಕಾರಿಯನ್ನು ಅಮಾನತಿನಲ್ಲಿಟ್ಟು, ರಾಜ್ಯದ ಎಲ್ಲ ತಾಯಂದಿರ ಮರಣಗಳ ಪರಿಶೋಧನೆಗೆ ಆಜ್ಞೆ ಮಾಡಿತು. ಮಂಗರಾಜನು ನಂಜಿನ ಗ್ರಂಥ ಬರೆದ ನಾಡಿನಲ್ಲಿ, ಮದ್ದೇ ನಂಜಾಯಿತೇ ಎಂಬ ಸಂಶಯ ಆರು ಶತಮಾನಗಳ ಮೇಲೆ ಹುಟ್ಟಿತು. ಆ ತಾಯಂದಿರು ಹಳೆಯ ಮೂತ್ರಪಿಂಡದ ರೋಗಿಗಳಲ್ಲ. ಆದರೂ ಈ ಕಥೆಗೆ ಅವರು ಹೊರಗಿನವರಲ್ಲ. ಹೀಗೆ ಪೆಟ್ಟು ತಿಂದು ಬದುಕಿ ಉಳಿದವರಲ್ಲಿ ಕೆಲವರಿಗೆ ಮೂತ್ರಪಿಂಡ ಪೂರ್ತಿ ಮೊದಲಿನಂತಾಗುವುದಿಲ್ಲ. ಅಂಥವರು ಮತ್ತೆ ಬಸುರಿಯಾದಾಗ ಆ ಹಳೆಯ ಪೆಟ್ಟನ್ನು ವೈದ್ಯರ ಮುಂದೆ ಹೇಳಲೇಬೇಕು.

ಹೇಳುವುದು - ಅಲ್ಲಿಯೇ ನಮ್ಮ ಸಮಾಜದ ತೊಡಕು. ಮೂತ್ರಪಿಂಡದ ಬೇನೆ ನೋವಿಲ್ಲದೆ ಬರುತ್ತದೆ; ಮೊದಲ ಸುಳಿವು ಕಾಲಿನ ಬಾವು, ದಣಿವು. ಬಸುರಿಯ ಕಾಲು ಬಾತರೆ ಮನೆಯಲ್ಲಿ ಸಹಜವೆನ್ನುತ್ತೇವೆ. ಬಹುಮಟ್ಟಿಗೆ ಅದು ಸಹಜವೇ; ಆದುದರಿಂದಲೇ ಸಹಜವಲ್ಲದುದು ಅದರ ಮರೆಯಲ್ಲಿ ಅಡಗುತ್ತದೆ. ಮದುವೆಗೆ ಮುಂಚೆಯೇ ಬೇನೆ ಗೊತ್ತಿದ್ದರೆ ಅದನ್ನು ಮುಚ್ಚಿಡುವ ತಂದೆತಾಯಿಗಳುಂಟು. ಮದುವೆಯಾದ ಮೇಲೆ ವರ್ಷದೊಳಗೆ ತೊಟ್ಟಿಲು ತೂಗಬೇಕೆಂಬ ಅತ್ತೆಮಾವಂದಿರುಂಟು. ಇವರಿಬ್ಬರ ನಡುವೆ ಹುಡುಗಿ ಮಾತ್ರೆಗಳನ್ನು ಮರೆಯಲ್ಲಿ ನುಂಗುತ್ತಾಳೆ ಅಥವಾ ಬಸಿರು ನಿಂತಿತೆಂದು ಹೆದರಿ ನಿಲ್ಲಿಸಿಬಿಡುತ್ತಾಳೆ. ಎರಡೂ ಅಪಾಯ. ರಕ್ತದೊತ್ತಡದ ಮಾತ್ರೆಗಳಲ್ಲಿ ಕೆಲವು ಶಿಶುವಿಗೆ ಹಾನಿಕರ, ಕೆಲವು ನಿರಪಾಯ. ಕಸಿಯಾದವರ ಮದ್ದುಗಳಲ್ಲಿಯೂ ಅದೇ ಭೇದ. ಅವನ್ನು ಬಸಿರಿಗೆ ವಾರಗಳ ಮುಂಚೆಯೇ ಬದಲಿಸಬೇಕು, ಕಸಿಯಾದ ಮೇಲೆ ಒಂದೆರಡು ವರ್ಷವಾದರೂ ಕಾಯಬೇಕು. ಮೂರನೆಯ ತಿಂಗಳಿನ ಕೊನೆಯಿಂದ ವೈದ್ಯರು ಕೊಡುವ ಚಿಕ್ಕ ಪ್ರಮಾಣದ ಆಸ್ಪಿರಿನ್ ಬಸಿರು ನಂಜಿನ ಭಯವನ್ನು ತಗ್ಗಿಸುತ್ತದೆ. ಸೆಳವನ್ನು ತಡೆಯುವ ಮೆಗ್ನೀಸಿಯಂ ಲವಣದ ಸೂಜಿಮದ್ದು ಆ ಅಪಾಯವನ್ನು ಅರ್ಧಕ್ಕೆ ಇಳಿಸುತ್ತದೆಂದು 33 ದೇಶಗಳ ಹತ್ತು ಸಾವಿರ ಹೆಂಗಸರ ಮೇಲೆ ನಡೆದ ಪರೀಕ್ಷೆ 2002ರಲ್ಲಿ ಸಿದ್ಧಪಡಿಸಿತು. ಆದರೆ ಮೂತ್ರಪಿಂಡ ಸೊರಗಿದವಳಿಗೆ ಆ ಲವಣ ಮೈಯಲ್ಲಿ ನಿಲ್ಲುತ್ತದೆ. ಪ್ರಮಾಣ ಕಡಿಮೆ ಮಾಡಬೇಕು. ಬೇನೆಯನ್ನು ಬಚ್ಚಿಟ್ಟರೆ ಬದುಕಿಸುವ ಮದ್ದೂ ನಂಜಾಗುತ್ತದೆ.

ನಂಜೆಂಬ ಮಾತು ನಮ್ಮ ಜನಕ್ಕೆ ಸಮಾಧಾನ ಕೊಟ್ಟಿತು, ತಿಳಿವನ್ನು ಕೊಡಲಿಲ್ಲ. ತಿಳಿವು ಬಂದುದು ಒಂದು ಚಮಚ, ಒಂದು ಬತ್ತಿ, ತೋಳಿನ ಒಂದು ಪಟ್ಟಿಯಿಂದ. ಇವತ್ತು ಅಷ್ಟೂ ಪರೀಕ್ಷೆ ಹೊಸಪೇಟೆಯಲ್ಲಿಯೂ ಕಂಪ್ಲಿಯಲ್ಲಿಯೂ ಕೆಲವು ನಿಮಿಷದ ಕೆಲಸ. ಪ್ರತಿ ಬಸುರಿಯ ತಾಯಿ ಕಾರ್ಡಿನಲ್ಲಿ ರಕ್ತದೊತ್ತಡ, ಮೂತ್ರದ ಸಸಾರಜನಕ, ಕ್ರಿಯಾಟಿನಿನ್ - ಈ ಮೂರು ಅಂಕಿಗಳು ಮೊದಲ ಮೂರು ತಿಂಗಳೊಳಗೆ ಬಿದ್ದಿವೆಯೇ ಎಂದು ಮನೆಯ ಓದುಬಲ್ಲವರು ನೋಡಲಿ. ಮೂತ್ರಪಿಂಡದ ಬೇನೆಯುಳ್ಳ ಹೆಣ್ಣಿಗೆ ತಾಯ್ತನ ಬೇಕೇ ಬೇಡವೇ ಎಂಬುದನ್ನು, ಅಪಾಯವನ್ನು ಪೂರ್ತಿ ಅರಿತ ಮೇಲೆ, ಅವಳೇ ನಿರ್ಧರಿಸಲಿ. ಬೇಡವೆಂದರೆ ಅವಳನ್ನು ಬಂಜೆಯೆಂದು ಹೀಗಳೆಯದೆ, ಬೇಕೆಂದರೆ ಒಂಬತ್ತು ತಿಂಗಳೂ ಆಸ್ಪತ್ರೆಯ ದಾರಿಯಲ್ಲಿ ಅವಳ ಜೊತೆಗೆ ನಡೆಯುವುದು ಮನೆಯವರ ಪಾಲಿನ ಕೆಲಸ. ದಾರಿಯ ಬದಿಯಲ್ಲಿ ಕಲ್ಲು ನಿಲ್ಲಿಸಿದ ಜನ ಹೊರೆಯ ಭಾರವನ್ನು ಬಲ್ಲವರಾಗಿದ್ದರು. ಆ ಹೊರೆಯನ್ನು ಅವಳು ಬದುಕಿರುವಾಗಲೇ ಹಂಚಿಕೊಳ್ಳುವ ಅನುಕೂಲ ಅವರಿಗಿರಲಿಲ್ಲ, ನಮಗಿದೆ.